ಸಾಹೇಬರ ದನಿಯಲ್ಲಿ ಬಂದ ಬೆಲ್ಟು

ಊಟ ಬಲ್ಲವನಿಗೆ ರೋಗವಿಲ್ಲ, ಇನ್ನೊಬ್ಬರ ಮಾತು ಬಲ್ಲವನಿಗೆ ಊಟವಿಲ್ಲ. ಗಾದೆ ಹೀಗಿಲ್ಲ ಎಂದು ಹಿರಿಯರು ಮೂಗು ಮುರಿಯಬಹುದು. ಮುರಿಯಲಿ, ಗಾದೆಯ ಬಾಲ ಕತ್ತರಿಸಿ ಬೇರೆ ಬಾಲ ಅಂಟಿಸಿರುವುದು ಹೌದು. ಆದರೆ ಮುಂದೆ ಹೇಳುವುದರಲ್ಲಿ ಅಂಟಿಸಿದ್ದು ಏನೇನೂ ಇಲ್ಲ, ನಡೆದದ್ದು ನಡೆದ ಹಾಗೆಯೇ ಇದೆ. ನಂಬಿಕೆ ಬಾರದವರು ಆ ಜಲ್ಲಿ ಕಾರ್ಖಾನೆಗೆ ಹೋಗಿ ವಿಚಾರಿಸಬಹುದು. ಗೇಟಿಗೆ ಬೀಗ ಬಿದ್ದಿರುವುದರಿಂದ ಹೊರಗೆ ನಿಂತೇ ವಿಚಾರಿಸಬೇಕಾಗುತ್ತದೆ, ಉತ್ತರ ಹೇಳಲು ಒಳಗೆ ಯಾರೂ ಇರುವುದಿಲ್ಲ, ಅಷ್ಟೇ ತೊಂದರೆ.

ಬೀಗ ಬೀಳುವ ಮುಂಚೆ ಅಲ್ಲಿನ ಕಂಟ್ರೋಲ್ ರೂಮಿನಲ್ಲಿ ಕೂತು ಗುಂಡಿ ಒತ್ತುತ್ತಿದ್ದವನನ್ನು ಎಲ್ಲರೂ ರೇಡಿಯೊ ಎಂದು ಕರೆಯುತ್ತಿದ್ದರು. ಅವನ ಗಂಟಲಿಗೆ ಸಿಗದ ಸ್ಟೇಷನ್ ಇರಲಿಲ್ಲ. ಗ್ರೀಸು ಕಾಣದ ರೋಲರಿನ ಕಿರುಚಾಟ, ಬಂಡೆ ಬಾಯಿಗೆ ಬಿದ್ದಾಗ ಕ್ರಷರ್ ತೇಗುವ ಬಗೆ, ಕ್ಯಾಂಟೀನಿನಾಕೆ ಪಾತ್ರೆಯಲ್ಲಿ ಇನ್ನೂ ಅರ್ಧ ಇರುವಾಗಲೇ ‘ಮುಗೀತು’ ಎನ್ನುವ ರಾಗ, ಎಲ್ಲವೂ ಅವನ ನಾಲಗೆಯ ಮೇಲೆ. ಕಾರ್ಖಾನೆಯಲ್ಲಿ ಸೈರನ್ ಕೆಟ್ಟಾಗ ಅವನನ್ನೇ ಕೂಗಿಸಿದ್ದರೆಂದೂ, ಅರ್ಧ ಜನ ಊಟಕ್ಕೆ ಹೊರಟಿದ್ದರೆಂದೂ ಒಂದು ಮಾತಿತ್ತು. ಮಾತಷ್ಟೇ, ಅದನ್ನು ಹಬ್ಬಿಸಿದವನೂ ಅವನೇ.

ಅವನ ಮಾವನಿಗೆ ಕಾರ್ಖಾನೆಯಲ್ಲಿ ಅಂಟು ಮೇಸ್ತ್ರಿ ಎಂದು ಹೆಸರು. ಹರಿದ ಬೆಲ್ಟನ್ನು ಅಂಟಿಸುವುದು ಅವರ ಕಸುಬು. ಕ್ರಷರ್ ಒಂದು ಕಡೆ ಬಂಡೆ ತಿನ್ನುತ್ತಿತ್ತು, ಲಾರಿಗಳು ಇನ್ನೊಂದು ಕಡೆ ಜಲ್ಲಿ ತುಂಬಿಕೊಳ್ಳುತ್ತಿದ್ದವು. ನಡುವಿನ ದಾರಿಯನ್ನೆಲ್ಲ ಕಲ್ಲು ಬೆಲ್ಟಿನ ಬೆನ್ನ ಮೇಲೆ ಕೂತು ಕಳೆಯುತ್ತಿತ್ತು. ಬೆಲ್ಟಿನ ಎರಡು ತುದಿ ಸೇರಿಸಿದ ಜಾಗಕ್ಕೆ ಜಾಯಿಂಟು ಎನ್ನುತ್ತಾರೆ. ಹೆಂಡತಿ ತೀರಿಕೊಂಡ ಮೇಲೆ ಮೇಸ್ತ್ರಿ ಮಗಳು ಅಳಿಯನ ಜೊತೆಗೇ ಕಾರ್ಖಾನೆಯ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ಇದ್ದರು. ಯಾರಾದರೂ ಮನೆಯ ಸಮಾಚಾರ ಕೇಳಿದರೆ, ನಮ್ಮದು ಜಾಯಿಂಟ್ ಫ್ಯಾಮಿಲಿ, ಬಿಸಿ ಪ್ರೆಸ್ಸಿನಲ್ಲಿ ಒತ್ತಿದ್ದು, ಅಷ್ಟು ಸುಲಭಕ್ಕೆ ಬಿಡೋದಿಲ್ಲ ಎನ್ನುತ್ತಿದ್ದರು. ಅಳಿಯನ ವಿಷಯ ಬಂದರೆ, ಹುಡುಕಿದ್ದು ಅಳಿಯನ್ನ, ಸಿಕ್ಕಿದ್ದು ಗಿಳಿ ಎಂದು ನಿಟ್ಟುಸಿರು ಬಿಡುತ್ತಿದ್ದರು. ಆ ನಿಟ್ಟುಸಿರಿನಲ್ಲಿ ಹೆಮ್ಮೆ ಇತ್ತು.

ಬೆಲ್ಟೆಂದರೆ ರಬ್ಬರು ಎಂದವರನ್ನು ಅವರು ಪಾಠ ಮಾಡದೆ ಬಿಡುತ್ತಿರಲಿಲ್ಲ. ರಬ್ಬರು ಬರೀ ಕೋಟು. ಮೇಲಿನ ಕೋಟು ದಪ್ಪ, ಕಲ್ಲಿನ ಏಟು ತಿನ್ನಲಿಕ್ಕೆ. ಕೆಳಗಿನದು ತೆಳು, ರೋಲರಿನ ಮೇಲೆ ಜಾರಲಿಕ್ಕೆ. ನಡುವೆ ಬಟ್ಟೆಯ ಪದರಗಳು. ಎಳೆತವನ್ನೆಲ್ಲ ತಡೆದುಕೊಳ್ಳುವುದು ಅವೇ. ಆ ಬಟ್ಟೆಯ ಮೈಗೆ ಕಾರ್ಕಸ್ ಎಂದು ಹೆಸರು. ಹಾಗೆಂದರೇನು ಎಂದು ಹಿಂದೊಮ್ಮೆ ಕಾರ್ಖಾನೆಯ ಮ್ಯಾನೇಜರ್ ಸಾಹೇಬರನ್ನು ಕೇಳಿದಾಗ, ಹೆಣ ಎಂದರಂತೆ. ಬೆಲ್ಟು ಸುತ್ತಿ ಬರುವ ಎರಡು ಕೊನೆಯ ಡ್ರಮ್ಮುಗಳಿಗೆ ಹೆಡ್ಡು, ಟೇಲು. ಅಂದಿನಿಂದ ಮೇಸ್ತ್ರಿಯ ಪಾಠ ಚಿಕ್ಕದಾಗಿತ್ತು: "ತಲೆ ಇದೆ, ಬಾಲ ಇದೆ, ನಡುವೆ ಹೆಣ ಇದೆ. ಹೊಟ್ಟೆ ಮಾತ್ರ ನಮ್ಮದು."

ಮೂರನೇ ನಂಬರಿನ ಬೆಲ್ಟು ಎಲ್ಲಕ್ಕಿಂತ ಉದ್ದ, ಎಲ್ಲಕ್ಕಿಂತ ಹಳೆಯದು. ಮೇಲಿನ ಕೋಟು ಸವೆದು ಬಟ್ಟೆ ಹೊರಗೆ ಹಣಕುತ್ತಿತ್ತು. ಅಂಚುಗಳು ನೂಲು ಬಿಟ್ಟು ಗಡ್ಡ ಬೆಳೆಸಿಕೊಂಡಿದ್ದವು. ಅದರ ಮೈಮೇಲೆ ಬೆಲ್ಟಿಗಿಂತ ಜಾಯಿಂಟೇ ಹೆಚ್ಚು ಎಂದು ಮೇಸ್ತ್ರಿಯ ಕೈಕೆಳಗಿನ ಫಿಟ್ಟರಣ್ಣ ಗೇಲಿ ಮಾಡುತ್ತಿದ್ದ. ಒಂದೊಂದು ಜಾಯಿಂಟಿಗೂ ಹರಿದ ಭಾಗವನ್ನು ಕತ್ತರಿಸಿ ಎಸೆಯಬೇಕು. ಉಳಿದ ಎರಡು ತುದಿಗಳನ್ನು ಪದರ ಪದರವಾಗಿ ಸುಲಿದು, ಮೆಟ್ಟಿಲಿನ ಹಾಗೆ ಮಾಡಿ, ಒಂದರ ಮೇಲೊಂದು ಕೂರಿಸಿ, ಬಿಸಿ ಕೊಟ್ಟು ಒತ್ತಬೇಕು. ಹೀಗಾಗಿ ಪ್ರತಿ ಸಲವೂ ಬೆಲ್ಟು ಒಂದಿಷ್ಟು ಗಿಡ್ಡವಾಗುತ್ತದೆ. ಬೆಲ್ಟು ಸಡಿಲವಾಗದಂತೆ ಮಧ್ಯದಲ್ಲೊಂದು ಕಬ್ಬಿಣದ ಗೂಡಿನೊಳಗೆ ಕಾಂಕ್ರೀಟಿನ ತೂಕವೊಂದು ಅದನ್ನು ಜಗ್ಗುತ್ತ ತೂಗುತ್ತಿರುತ್ತದೆ. ಅದಕ್ಕೆ ಟೇಕಪ್ ಎನ್ನುತ್ತಾರೆ. ಬೆಲ್ಟು ಗಿಡ್ಡವಾದಷ್ಟೂ ತೂಕ ಮೇಲೇರುತ್ತದೆ. ಮೂರನೆಯದರ ತೂಕ ಏರಿ ಏರಿ ಈಗ ಗೂಡಿನ ಮೇಲಿನ ತೊಲೆಗೆ ತಲೆ ತಾಗಿಸಿಕೊಂಡು ನಿಂತಿತ್ತು. ನಡುವೆ ಸೇರಿಸಲು ಕೂಡಿಟ್ಟಿದ್ದ ಹಳೆಯ ತುಂಡುಗಳೂ ಮುಗಿದಿದ್ದವು. ಇನ್ನೊಮ್ಮೆ ಕತ್ತರಿಸಿದರೆ ಎರಡು ತುದಿಗಳು ಒಂದನ್ನೊಂದು ನೋಡಬಹುದೇ ಹೊರತು ಮುಟ್ಟುವ ಹಾಗಿಲ್ಲ ಎಂದು ಮೇಸ್ತ್ರಿ ಹೇಳಿದ್ದರು. ಆದ್ದರಿಂದ ಅಲ್ಲೊಂದು ಕಟ್ಟುನಿಟ್ಟಿನ ನಿಯಮ ಇತ್ತು. ಮೂರನೆಯದಕ್ಕೆ ಚಾಕು ಇಡಬೇಕಾದರೆ ಸಾಹೇಬರೇ ಕಾರ್ಖಾನೆಯ ಫೋನಿನಲ್ಲಿ ಬಾಯಿಬಿಟ್ಟು ಹೇಳಬೇಕು. ಕಾಗದ ಗೀಗದದ ರಗಳೆ ಇಲ್ಲ. ದನಿಯೇ ಸಹಿ.

ಕಾರ್ಖಾನೆಯ ಹಣೆಬರಹವೂ ಆ ಬೆಲ್ಟಿನ ಮೇಲೆಯೇ ಕೂತಿತ್ತು. ಸಾಹೇಬರು ಎಲ್ಲರನ್ನೂ ಕ್ಯಾಂಟೀನಿನಲ್ಲಿ ನಿಲ್ಲಿಸಿ ಹೇಳಿದ್ದರು: ಮಾಲೀಕರು ಹೊಸ ಬೆಲ್ಟು ಹಾಕಿಸಬೇಕು, ಇಲ್ಲವೇ ಕೊಳ್ಳುವವರು ಯಾರಾದರೂ ಬಂದು ಜನರ ಸಮೇತ ಕಾರ್ಖಾನೆ ವಹಿಸಿಕೊಳ್ಳಬೇಕು. ಎರಡೂ ಆಗದಿದ್ದರೆ ಗೇಟು ಮುಚ್ಚುತ್ತದೆ, ಕ್ವಾರ್ಟರ್ಸು ಖಾಲಿ ಮಾಡಬೇಕಾಗುತ್ತದೆ. ಆಮೇಲೆ ವಾರಗಳು ಹೋದವು. ಬೆಲ್ಟೂ ಬರಲಿಲ್ಲ, ಕೊಳ್ಳುವವರೂ ಬರಲಿಲ್ಲ. ಕ್ವಾರ್ಟರ್ಸಿನ ಹೆಂಗಸರು ಕಿಟಕಿಗಳ ಕಲ್ಲುಪುಡಿ ಒರೆಸುವುದನ್ನು ಬಿಟ್ಟುಬಿಟ್ಟರು. ಯಾರದೋ ಮನೆ, ಯಾರದೋ ಧೂಳು. ಮೇಸ್ತ್ರಿ ಮಾತು ಕಡಿಮೆ ಮಾಡಿದರು. ತಟ್ಟೆಯ ಮುಂದೆ ಕೂತವರು ಅನ್ನದ ಅಂಚನ್ನು ಬೆರಳಿನಿಂದ ಸರಿ ಮಾಡುತ್ತ, ಬೆಲ್ಟಿನ ಅಂಚು ಸರಿ ಮಾಡುವ ಹಾಗೆ, ಹಾಗೆಯೇ ಎದ್ದುಬಿಡುತ್ತಿದ್ದರು. ಈ ವಯಸ್ಸಿನಲ್ಲಿ ಬೇರೆ ಕಡೆ ಯಾರು ಕರೆಯುತ್ತಾರೆ? ಈಗೆಲ್ಲ ಜಾಯಿಂಟನ್ನು ಹೊರಗಿನ ಕಂಪನಿಯವರು ವ್ಯಾನಿನಲ್ಲಿ ಬಂದು ಹಾಕಿ ಹೋಗುತ್ತಾರೆ.

ಒಂದು ಬೆಳಿಗ್ಗೆ ಟೀ ಲೋಟ ಕೊಡುತ್ತ ಹೆಂಡತಿ ರೇಡಿಯೊನ ಕಿವಿಯ ಹತ್ತಿರ ಬಂದಳು. "ಅಪ್ಪ ಚಾಕು ಪೆಟ್ಟಿಗೇನ ಮಂಚದಡಿಗೆ ತಳ್ಳಿಬಿಟ್ಟಿದ್ದಾರೆ ರೀ. ಮಸೆಯೋದಿಲ್ವಾ ಅಂದ್ರೆ, ಯಾರ ಕುತ್ತಿಗೆಗೆ ಅಂದ್ರು."

ರೇಡಿಯೊ ಕೆಲಸಕ್ಕೆ ಹೋಗಿ ಕುರ್ಚಿಯಲ್ಲಿ ಕೂತ. ಆ ಮಾತು ಅವನ ತಲೆಯಲ್ಲಿ ಸುತ್ತಿ ಬರುತ್ತಿತ್ತು. ಆ ದಿನ ಸಾಹೇಬರು ದವಡೆ ಹಲ್ಲು ಕೀಳಿಸಿಕೊಳ್ಳಲು ಪೇಟೆಗೆ ಹೋಗಿದ್ದರು. ಅದು ಗೊತ್ತಿದ್ದದ್ದು ಅವನಿಗೆ ಮತ್ತು ಗೇಟಿನವನಿಗೆ ಮಾತ್ರ. ಹಲ್ಲು ನೋವೂ ಅಧಿಕಾರದ ಗುಟ್ಟು ಎಂಬ ಹಾಗೆ ಸಾಹೇಬರು ಯಾರಿಗೂ ಹೇಳದೆ ಹೊರಟಿದ್ದರು. ರೇಡಿಯೊ ಸಾಹೇಬರ ದನಿಯನ್ನು ತಿಂಗಳುಗಟ್ಟಲೆ ತಿದ್ದಿ ತೀಡಿ ಇಟ್ಟುಕೊಂಡಿದ್ದ. ಪ್ರತಿ ಮಾತಿಗೆ ಮುಂಚೆ ಮೂಗಿನಲ್ಲೊಂದು ಸೊರ್ ಎನ್ನುವ ಸದ್ದು, ಕೊನೆಗೊಂದು ‘ಅರ್ಥ ಆಯ್ತಲ್ಲ, ಆಗದಿದ್ರೂ ಪರವಾಗಿಲ್ಲ’. ಸಾಹೇಬರು ಎದುರಿಗಿದ್ದಾಗ ಅದನ್ನು ಮಾಡುವ ಧೈರ್ಯವಿಲ್ಲ, ಅವರಿಲ್ಲದಾಗ ಕೇಳುವವರಿಗೆ ನಗುವ ಮನಸ್ಸಿಲ್ಲ. ಬಾಣಲೆಗೆ ಬೀಳದ ಹಿಟ್ಟಿನ ಹಾಗೆ ಅದು ಅವನ ಗಂಟಲಲ್ಲಿ ಹುಳಿ ಬರುತ್ತಿತ್ತು. ಟೀ ಹೊತ್ತಿನವರೆಗೆ ಮಾವನಿಗೆ ಒಂದಿಷ್ಟು ಸಂತೋಷ ಇರಲಿ, ಆಮೇಲೆ ಹೋಗಿ ನಿಜ ಹೇಳಿ ನಾಲ್ಕು ಬೈಗುಳ ತಿಂದರಾಯಿತು ಎಂದುಕೊಂಡ. ಮೂಕರಾಗಿರುವವರು ಬೈದರೂ ಲಾಭವೇ.

ಕರಿ ಫೋನನ್ನು ಎತ್ತಿ, ಮೂರನೇ ಬೆಲ್ಟಿನ ಟೇಲ್ ಕಡೆಯ ನಂಬರು ತಿರುಗಿಸಿದ. ಆ ಸದ್ದು ಗದ್ದಲದಲ್ಲಿ ಯಾರ ಮೊಬೈಲೂ ಕೇಳುತ್ತಿರಲಿಲ್ಲ, ಗೋಡೆಯ ಫೋನೇ ಗತಿ. ಮೇಸ್ತ್ರಿಯೇ ಎತ್ತಿದರು.

ರೇಡಿಯೊ ಮೂಗಿನಲ್ಲಿ ಸೊರ್ ಎಂದ. "ಮೂರನೇದು ಹೊಸದು ಬಂತು ಮೇಸ್ತ್ರಿ. ಲಾರಿ ದಾರೀಲಿದೆ. ಅರ್ಥ ಆಯ್ತಲ್ಲ, ಆಗದಿದ್ರೂ ಪರವಾಗಿಲ್ಲ."

ಆ ಕಡೆ ಬೆಲ್ಟಿನ ಸದ್ದು ಜೋರಾಗಿತ್ತು.

"ಸರ್," ಎಂದರು ಮೇಸ್ತ್ರಿ. "ಹಾಗಾದ್ರೆ ಹಳೇದಕ್ಕೆ ಚಾಕು ಇಡಬಹುದಾ?"

ನಗೆಯನ್ನು ಅಲ್ಲಿಗೇ ಮುಗಿಸಬಹುದಿತ್ತು. ಮಾವ, ನಾನು, ಎಂದರೆ ಸಾಕಿತ್ತು. ಆದರೆ ಒಳ್ಳೆಯ ಅಣಕಿಗನ ರೋಗ ಅವನಿಗಿತ್ತು. ದನಿ ಹೊಕ್ಕ ಮೇಲೆ ಆ ಮನುಷ್ಯನೂ ಒಳಗೆ ಹೊಕ್ಕುಬಿಡುತ್ತಿದ್ದ. ಸಾಹೇಬರು ಯಾವ ಪ್ರಶ್ನೆಗೂ ತಡೆಯಿರಿ, ನೋಡೋಣ ಎಂದವರಲ್ಲ. ಪ್ರಶ್ನೆ ಕೇಳಿದವನನ್ನೇ ಕಚ್ಚುತ್ತಿದ್ದರು. ಹಾಗಾಗಿ ಅವನ ಬಾಯಿಂದ ಬಂದ ಉತ್ತರ ಅವನದಾಗಿರಲಿಲ್ಲ, ಸಾಹೇಬರದೇ.

"ಕೇಳೋದೇನಿದೆ ಅದರಲ್ಲಿ? ಉಸಿರಾಡೋಕೂ ನನ್ನ ಕೇಳ್ತೀರಾ?"

ಫೋನಿಟ್ಟ. ತನ್ನ ಕೆಲಸಕ್ಕೆ ತಾನೇ ಬೆರಗಾಗಿ ಒಂದು ಗಳಿಗೆ ಕೂತ. ಮಾವ ಟೀ ಕುಡಿಯದೆ ಚಾಕು ಹಿಡಿದವರಲ್ಲ, ಟೀ ಗಾಡಿ ಅತ್ತ ಹೋಗುವಷ್ಟರಲ್ಲಿ ತಾನೂ ಹೋದರಾಯಿತು ಎಂದು ಸಮಾಧಾನ ಮಾಡಿಕೊಂಡ.

ಹೊಸ ಬೆಲ್ಟು ಬರುತ್ತದೆಂದರೆ ಜಾಯಿಂಟಿನವರು ಏನು ಮಾಡುತ್ತಾರೆ ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಹಳೆಯದನ್ನು ಒಂದು ಕಡೆ ಕತ್ತರಿಸಿ, ತುದಿ ಸುಲಿದು ಸಿದ್ಧ ಮಾಡುತ್ತಾರೆ. ಹೊಸದರ ಮೂತಿಯನ್ನು ಆ ತುದಿಗೆ ಅಂಟಿಸಿ ಡ್ರಮ್ಮು ತಿರುಗಿಸಿದರೆ ಹಳೆಯದು ಹೊರಗೆ ಹೋಗುತ್ತ ಹೊಸದನ್ನು ತಾನೇ ಒಳಗೆ ಎಳೆದು ತರುತ್ತದೆ. ಸಾಯುವವನೇ ಮಗುವಿನ ಕೈ ಹಿಡಿದು ಮನೆಯೊಳಗೆ ಬಿಟ್ಟು ಹೋದಂತೆ ಎಂದು ಮೇಸ್ತ್ರಿ ವರ್ಣಿಸುತ್ತಿದ್ದರು. ಲಾರಿ ಬರುವ ಮೊದಲೇ ತುದಿ ಸಿದ್ಧವಾಗಿರುವುದು ಅವರಿಗೆ ಮರ್ಯಾದೆಯ ಪ್ರಶ್ನೆ. ಬಂದವರು ನಿಂತು ಕಾಯಬಾರದು.

ಟೀ ಹೊತ್ತಾಗುವ ಮುಂಚೆಯೇ ಅವನ ಮುಂದಿನ ಬೋರ್ಡಿನಲ್ಲಿ ಮೂರನೇ ಬೆಲ್ಟಿನ ದೀಪ ಆರಿತು. ಬೆಲ್ಟಿನ ಪಕ್ಕದಲ್ಲಿ ಉದ್ದಕ್ಕೂ ಹಾದುಹೋದ ಹಗ್ಗವನ್ನು ಯಾರೋ ಎಳೆದು ನಿಲ್ಲಿಸಿದ್ದರು. ಮೊದಲು ಫೋನು ಮಾಡಿ, ಬೆಲ್ಟು ಖಾಲಿಯಾದ ಮೇಲೆ ನಿಲ್ಲಿಸುವುದು ಮೇಸ್ತ್ರಿಯ ಪದ್ಧತಿ. ಇವತ್ತು ಆ ಮನುಷ್ಯನಿಗೆ ಅಷ್ಟು ತಾಳ್ಮೆಯೂ ಇರಲಿಲ್ಲ. ಬೆಲ್ಟು ನಿಂತರೆ ಕ್ರಷರ್ ತಾನಾಗಿ ನಿಲ್ಲಬೇಕು, ನಿಂತಿತು. ಆದರೆ ಬಾಯಿ ತುಂಬ ಬಂಡೆ ತುರುಕಿಕೊಂಡೇ ನಿಂತಿತು. ಅದನ್ನು ಬಿಡಿಸದೆ ರೇಡಿಯೊ ಎಲ್ಲಿಗೂ ಹೋಗುವಂತಿರಲಿಲ್ಲ. ಹಾರೆ ತೆಗೆದುಕೊಂಡು ಕೆಳಗಿಳಿದ. ಬಂಡೆಗಳು ಒಂದರ ಹೆಗಲ ಮೇಲೊಂದು ಕೈ ಹಾಕಿಕೊಂಡು ಕೂತಿದ್ದವು. ಒಂದನ್ನು ಮೀಟಿದರೆ ಎರಡು ಜಾರುತ್ತಿದ್ದವು. ಅವನು ಅಲ್ಲಿ ಬೆವರು ಸುರಿಸುತ್ತಿದ್ದಾಗ ಮೇಲೆ ಕಂಟ್ರೋಲ್ ರೂಮಿನಲ್ಲಿ ಫೋನು ಹೊಡೆದುಕೊಂಡು ಹೊಡೆದುಕೊಂಡು ಸುಮ್ಮನಾಯಿತು. ಅದು ಅವನಿಗೆ ಗೊತ್ತಾದದ್ದು ಆಮೇಲೆ.

ಮೇಲೆ ಬಂದವನು ಮೊದಲು ಟೇಲ್ ಕಡೆಗೆ ಫೋನು ಮಾಡಿದ. ಎಂಗೇಜು. ಇನ್ನೊಮ್ಮೆ ಮಾಡಿದ. ಎಂಗೇಜು. ಬೆಲ್ಟಿನ ಪಕ್ಕದ ಕಬ್ಬಿಣದ ಕಾಲುದಾರಿಯಲ್ಲಿ ಓಡಿದ. ಪಕ್ಕದಲ್ಲಿ ಕಲ್ಲು ಹೊತ್ತ ಬೆಲ್ಟು ಅಲ್ಲಾಡದೆ ಮಲಗಿತ್ತು. ಟೇಕಪ್ಪಿನ ಗೂಡು ದಾಟುವಾಗ ನೋಡಿದ. ತೊಲೆಗೆ ತಲೆ ಕೊಟ್ಟು ನಿಂತಿರುತ್ತಿದ್ದ ತೂಕವನ್ನು ಸರಪಳಿ ಹಾಕಿ ಬಿಗಿದಿದ್ದರು. ಬೆಲ್ಟು ಕತ್ತರಿಸುವ ಮುಂಚೆ ಹಾಗೆ ಬಿಗಿಯುತ್ತಾರೆ, ಬೇರೆ ಯಾವುದಕ್ಕೂ ಬಿಗಿಯುವುದಿಲ್ಲ.

ಟೇಲ್ ಹತ್ತಿರ ಕೆಳಗಿನ ವಾಪಸು ಬೆಲ್ಟನ್ನು ಎರಡು ಕಡೆ ಮರದ ತೊಲೆಗಳಲ್ಲಿ ಕಚ್ಚಿಸಿ ಹಿಡಿದಿದ್ದರು. ನಡುವೆ ಬೆಲ್ಟು ಇರಲಿಲ್ಲ. ಕತ್ತರಿಸಿ ತೆಗೆದ, ಇನ್ನು ಅಂಟು ಹಿಡಿಯದಷ್ಟು ಸವೆದ ತುಂಡು ಗೋಡೆಗೊರಗಿ ನಿಂತಿತ್ತು. ಒಂದು ತುದಿಯಲ್ಲಿ ಮೆಟ್ಟಿಲುಗಳು ಆಗಲೇ ಎದ್ದಿದ್ದವು, ಒಂದೊಂದು ಪದರವೂ ಎಳೆ ಹರಿಯದ ಹಾಗೆ ಬಿಡಿಸಿದ್ದು, ನೆಟ್ಟಗೆ, ಗೆರೆ ಕೊರೆದಂತೆ. ಗಾಳಿಯಲ್ಲಿ ರಬ್ಬರ್ ಸೊಲ್ಯೂಷನ್ನಿನ ವಾಸನೆ. ಮೇಸ್ತ್ರಿ ಮಂಡಿಯೂರಿ ಕೂತು ಎರಡನೇ ತುದಿಯನ್ನು ಸುಲಿಯುತ್ತಿದ್ದರು, ಫಿಟ್ಟರಣ್ಣ ಇಕ್ಕಳದಲ್ಲಿ ಬಟ್ಟೆಯ ಪದರ ಹಿಡಿದು ಎಳೆಯುತ್ತಿದ್ದ. ಪಕ್ಕದಲ್ಲಿ ಟೀ ಲೋಟ ಕೆನೆಗಟ್ಟಿತ್ತು. ಗೋಡೆಯಲ್ಲಿ ಫೋನಿನ ರಿಸೀವರು ವೈರಿನಲ್ಲಿ ನೇತಾಡುತ್ತಿತ್ತು.

"ಬನ್ನಿ ಅಳಿಯಂದ್ರೆ," ಎಂದರು ಮೇಸ್ತ್ರಿ, ತಲೆ ಎತ್ತದೆ. ಆ ದನಿಯಲ್ಲಿ ಎಷ್ಟೋ ದಿನಗಳಿಂದ ಇಲ್ಲದ ತುಂಟತನ ಇತ್ತು. "ಫೋನ್ ಎತ್ತಿಟ್ಟೆ ಅಂತ ಖುದ್ದು ದಯಮಾಡಿಸಿದ್ರಾ? ಸಾಹೇಬರ ದನಿ ಮಾಡೋಕೆ ಹೊರಟ್ರಲ್ಲ, ಬಾಯಲ್ಲೇನು ಹತ್ತಿ ತುಂಬ್ಕೊಂಡಿದ್ರಾ? ಆ ಮೂಗೂ ಬರಲಿಲ್ಲ, ಆ ಪರವಾಗಿಲ್ಲಾನೂ ಬರಲಿಲ್ಲ. ಸ್ವಲ್ಪ ಹೊತ್ತಿನ ಹಿಂದೆ ಅಸಲಿ ಕೇಳಿದ ಕಿವಿ ಇದು. ಇದಕ್ಕೆ ನಕಲಿ ಗೊತ್ತಾಗಲ್ವಾ?"

ರೇಡಿಯೊಗೆ ಮೊದಲು ತಿಳಿಯಲಿಲ್ಲ. ಫಿಟ್ಟರಣ್ಣ ನಗುತ್ತ ವಿವರಿಸಿದ. ಬೆಲ್ಟು ನಿಲ್ಲಿಸಿ ಗುರುತು ಹಾಕುತ್ತಿದ್ದಾಗ ಫೋನು ಬಂದಿತ್ತು. ಬೆಲ್ಟು ನಿಲ್ಲಿಸಬೇಡಿ, ಕೊಳ್ಳುವವರು ಈಗಲೇ ಬರುತ್ತಿದ್ದಾರೆ, ಕಲ್ಲು ಹಾಕಿ ಓಡಿಸುತ್ತಲೇ ಇರಿ, ಅವರಿಗೆ ಓಡುವುದನ್ನೇ ನೋಡಬೇಕಂತೆ, ಎಂದು ಯಾರೋ ತೊದಲಿದ್ದರು. ಮೇಸ್ತ್ರಿ ಎರಡು ಮಾತು ಕೇಳಿ, ಅಳಿಯಂದ್ರೆ, ಇನ್ನೂ ಅಭ್ಯಾಸ ಸಾಲದು, ಮನೆಗೆ ಬನ್ನಿ ಹೇಳಿಕೊಡ್ತೀನಿ ಎಂದು, ಮತ್ತೆ ಕಾಟ ಕೊಡದಿರಲೆಂದು ರಿಸೀವರು ಇಳಿಬಿಟ್ಟಿದ್ದರು. ಆಮೇಲೆಯೇ ಚಾಕು ಇಟ್ಟದ್ದು.

"ಅದು ನಾನಲ್ಲ ಮಾವ," ಎಂದ ರೇಡಿಯೊ.

"ನೀವಲ್ದೆ ಇನ್ಯಾರು? ನಿಮ್ಮಷ್ಟು ಕೆಟ್ಟದಾಗಿ..."

ಮೇಸ್ತ್ರಿ ಅಲ್ಲಿಗೇ ನಿಲ್ಲಿಸಿದರು. ಅಳಿಯನ ಮುಖ ನೋಡಿದರು. ಅಳಿಯನ ಬಾಯಿ ಎ ಎಂದೋ ಮಾ ಎಂದೋ ತೆರೆದುಕೊಂಡು, ಎಲ್ಲರ ದನಿಯನ್ನೂ ಹೊರಡಿಸುವ ಆ ಬಾಯಿ, ತನ್ನ ಸ್ವಂತದ್ದು ಒಂದೂ ಸಿಗದೆ ಹಾಗೆಯೇ ಇತ್ತು. ಮೇಸ್ತ್ರಿ ಚಾಕುವನ್ನು ಪ್ಯಾಂಟಿಗೆ ಒರೆಸಿದರು, ಒಂದು ಕಡೆ, ಮತ್ತೊಂದು ಕಡೆ. ಪೆಟ್ಟಿಗೆಯಲ್ಲಿಟ್ಟರು. ಅವರಿಗೆ ಅರ್ಥವಾಯಿತೋ ಇಲ್ಲವೋ ರೇಡಿಯೊಗೆ ತಿಳಿಯುವಷ್ಟರಲ್ಲಿ ಹೊರಗೆ ಕಾರಿನ ಹಾರ್ನು ಕೇಳಿಸಿತು.

ಸಾಹೇಬರು ಮೊದಲು ಇಳಿದರು. ಒಂದು ಕೆನ್ನೆ ಊದಿ ಗುಂಡಗಾಗಿತ್ತು, ತುಟಿಯ ಒಂದು ಮೂಲೆ ಅವರ ಮಾತು ಕೇಳದೆ ಜೋತುಬಿದ್ದಿತ್ತು, ದವಡೆಯಲ್ಲಿ ಹತ್ತಿ. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡಿದ್ದಾಗಲೇ ಮಾಲೀಕರು ಫೋನು ಮಾಡಿ, ಕೊಳ್ಳುವವರು ಹೊರಟಾಗಿದೆ ಎಂದಿದ್ದರು, ಸಾಹೇಬರು ಅಲ್ಲಿಂದಲೇ ಕಾರ್ಖಾನೆಗೆ ಫೋನು ಮಾಡಿದ್ದರು. ಅವರ ಹಿಂದೆ ಒಬ್ಬ ಗಂಡಸು, ಒಬ್ಬ ಹೆಂಗಸು, ತಲೆಯ ಮೇಲೆ ಗೀರು ಬೀಳದ ಹೊಸ ಹೆಲ್ಮೆಟ್ಟು. ನೋಡಲು ಒಳ್ಳೆಯವರ ಹಾಗೇ ಇದ್ದರು. ಅದೇ ಸಂಕಟ, ಕೆಟ್ಟವರಾಗಿದ್ದರೆ ಬೈದುಕೊಳ್ಳಬಹುದಿತ್ತು.

ಹೆಂಗಸು ಕತ್ತರಿಸಿದ ತುದಿಗಳ ಹತ್ತಿರ ಬಗ್ಗಿದರು. ಮೆಟ್ಟಿಲುಗಳ ಮೇಲೆ ಬೆರಳಾಡಿಸಿದರು. ಅಲ್ಲಿದ್ದವರಲ್ಲಿ ಈ ಕೆಲಸದವರು ಮೇಸ್ತ್ರಿಯೇ ಎಂದು ಗುರುತಿಸಿ, ಇದನ್ನು ಮತ್ತೆ ಸೇರಿಸಲಿಕ್ಕೆ ಆಗುತ್ತದೆಯೇ ಎಂದು ಕೇಳಿದರು. ಸಾಹೇಬರು ಅವರ ಬೆನ್ನ ಹಿಂದಿನಿಂದ ಹುಬ್ಬು, ಕೈ, ಊದಿದ ಕೆನ್ನೆ ಎಲ್ಲದರಲ್ಲೂ ಆಗುತ್ತದೆನ್ನಿ, ಆಗುತ್ತದೆನ್ನಿ ಎಂದು ಸನ್ನೆ ಮಾಡಿದರು. ಕ್ಲಿಪ್ಪು ಹಾಕಿ ಹೊಲಿಯಬಹುದು ಎಂದು ಫಿಟ್ಟರಣ್ಣ ಮಧ್ಯೆ ಬಾಯಿ ಹಾಕಿದ. ಅವನಿಗೂ ಗೊತ್ತಿತ್ತು, ಆ ಜೂಲು ಬಟ್ಟೆಯಲ್ಲಿ ಕ್ಲಿಪ್ಪಿನ ಹಲ್ಲು ಕೂರುವುದಿಲ್ಲ. ಕೂತರೂ ಅಷ್ಟು ದೂರಕ್ಕೆ ತುದಿ ಬರುವುದಿಲ್ಲ.

ಮೇಸ್ತ್ರಿ ಎರಡು ತುದಿಗಳ ನಡುವಿನ ನೆಲವನ್ನು ನೋಡಿದರು.

"ಆಗಲ್ಲಮ್ಮ," ಎಂದರು. "ಉದ್ದ ಇಲ್ಲ."

ಬಂದವರು ಟೇಕಪ್ಪಿನ ಗೂಡಿನವರೆಗೆ ನಡೆದುಕೊಂಡು ಹೋಗಿ ಮೇಲೆ ನೋಡಿ ಬಂದರು. ಧನ್ಯವಾದ ಹೇಳಿದರು. ಸಾಹೇಬರು ಅವರ ಕಾರಿನ ಹಿಂದೆ ಓಡಿ, ಏರಿಸಿದ ಗಾಜಿಗೆ ತಮ್ಮ ತೊದಲು ಮಾತನ್ನು ಹೇಳುತ್ತಲೇ ಇದ್ದರು. ಆಮೇಲೆ ಅಲ್ಲಿಯೇ ಬಿಸಿಲಿನಲ್ಲಿ ನಿಂತು ಮಾಲೀಕರ ಹತ್ತಿರ ಮಾತಾಡಿದರು. ಮಾತಾಡಿದರು ಎಂದರೆ ಕೇಳಿಸಿಕೊಂಡರು. ವಾಪಸು ಬಂದಾಗ ಅವರ ಮುಖದ ಊದದ ಅರ್ಧವೂ ಊದಿದ ಹಾಗೆ ಕಂಡಿತು. ಗೇಟು ಮುಚ್ಚುವುದೆಂದೂ, ತಿಂಗಳು ತುಂಬುವಷ್ಟರಲ್ಲಿ ಕ್ವಾರ್ಟರ್ಸು ಖಾಲಿಯಾಗಬೇಕೆಂದೂ ಹೇಳಿದರು. ಅದನ್ನು ಎರಡು ಸಲ ಹೇಳಬೇಕಾಯಿತು, ಮೊದಲ ಸಲ ಯಾರಿಗೂ ತಿಳಿಯಲಿಲ್ಲ.

ಆಮೇಲೆ ಮೇಸ್ತ್ರಿಯ ಮುಂದೆ ನಿಂತರು. "ಯಾಉ ಏಳಿದ್ದು?" ಎಂದರು. ಯಾರು ಹೇಳಿದ್ದು ಎಂದು.

"ನೀವೇ ಸರ್. ಫೋನಲ್ಲಿ."

ಸಾಹೇಬರು ತಮ್ಮ ಕೆನ್ನೆಯನ್ನು ಬೆರಳಿನಿಂದ ತೋರಿಸಿದರು. ಬಾಯಿಯೊಳಗೆ ಇಕ್ಕಳ ಇಟ್ಟುಕೊಂಡು ಬೆಲ್ಟು ಕತ್ತರಿಸಿ ಅಂದೆನಾ ಎಂದು ಅವರು ತೊದಲುವುದನ್ನು ಎಲ್ಲರೂ ತಲೆ ತಗ್ಗಿಸಿ ಕೇಳಿದರು. ಆ ದನಿಯಲ್ಲಿ ಸಾಹೇಬರು ಇರಲೇ ಇಲ್ಲ. ಯಾರೋ ಕಲಿಯದವನು ಅವರನ್ನು ಅಣಕಿಸಿದ ಹಾಗಿತ್ತು. ಮೇಸ್ತ್ರಿ ಯಾವ ಕಡೆಗೂ ನೋಡಲಿಲ್ಲ. ಅಳಿಯ ನಿಂತಿದ್ದ ಕಡೆಗಂತೂ ಕತ್ತನ್ನೇ ತಿರುಗಿಸಲಿಲ್ಲ.

"ಹಾಗಾದ್ರೆ ನನ್ನ ಕಿವಿಯೇ ಕೆಟ್ಟಿರಬೇಕು ಸರ್," ಎಂದರು. "ಕಲ್ಲಿನ ಸದ್ದು. ವಯಸ್ಸಾಯ್ತು. ನನ್ನ ತಪ್ಪು ಅಂತ್ಲೇ ಇಟ್ಕೊಳ್ಳಿ."

ಇಷ್ಟು ವರ್ಷ ದುಡಿದವರು ಕಿವಿ ಕೆಟ್ಟ ಮುದುಕನಾಗಿ ಗೇಟು ದಾಟುತ್ತಾರೆ, ಕಾರ್ಖಾನೆ ಮುಚ್ಚಿಸಿದವನು ಅಂಟು ಮೇಸ್ತ್ರಿ ಎಂದು ಜನ ಹೇಳಿಕೊಂಡು ತಿರುಗುತ್ತಾರೆ ಎಂಬುದು ರೇಡಿಯೊಗೆ ಅಲ್ಲಿಯೇ ಕಾಣಿಸಿತು. ಬೆಲ್ಟು ಹೋಯಿತು, ಮನೆ ಹೋಯಿತು. ಒಳ್ಳೆಯ ಹೆಸರೊಂದನ್ನಾದರೂ ಅವರಿಗೆ ಬಿಡಬೇಕಿತ್ತು. ನಾನು ಮಾಡಿದೆ ಎಂದರೆ ಮಾವ ಅಡ್ಡ ಬಂದು, ಅವನು ಸುಮ್ಮನೆ ನನ್ನನ್ನ ಉಳಿಸೋಕೆ ಹೇಳ್ತಾನೆ ಎಂದುಬಿಡುತ್ತಿದ್ದರು. ಸಾಕ್ಷಿ ಬೇಕಿತ್ತು. ಇದ್ದ ಸಾಕ್ಷಿ ಒಂದೇ.

ಅವನು ಮುಂದೆ ಬಂದು, ಸಾಹೇಬರ ಎದುರಿಗೇ ನಿಂತು, ಮೂಗಿನಲ್ಲಿ ಸೊರ್ ಎಂದ.

"ಮೂರನೇದು ಹೊಸದು ಬಂತು ಮೇಸ್ತ್ರಿ. ಲಾರಿ ದಾರೀಲಿದೆ. ಅರ್ಥ ಆಯ್ತಲ್ಲ, ಆಗದಿದ್ರೂ ಪರವಾಗಿಲ್ಲ."

ಊದಿದ ಕೆನ್ನೆಯ ಸಾಹೇಬರು ತಮ್ಮ ದನಿ ಎದುರಿನಿಂದ ಬಂದದ್ದನ್ನು ಕೇಳಿ, ತಮ್ಮ ಗಂಟಲನ್ನು ಕೈಯಿಂದ ಮುಟ್ಟಿ ನೋಡಿಕೊಂಡರು.

ಮೊದಲು ಫಿಟ್ಟರಣ್ಣನ ಮೂಗಿನಿಂದ ಒಂದು ಸದ್ದು ಹೊರಟಿತು. ತಡೆಯಲು ಹೋಗಿ ಕೆಮ್ಮಿದ. ಸಾಹೇಬರ ಜೋತುಬಿದ್ದ ತುಟಿ ನಡುಗಿತು. ಸಿಟ್ಟಿಗೋ ನಗೆಗೋ ಅವರಿಗೇ ಗೊತ್ತಿರಲಿಲ್ಲ, ನಗೆಯೇ ಆಯಿತು. ಬಾಯಿಂದ ಹತ್ತಿ ಕೆಳಗೆ ಬಿತ್ತು. ರೇಡಿಯೊ ಒಬ್ಬನೇ ನಗದೆ ಮಾವನನ್ನು ನೋಡುತ್ತಿದ್ದ. ಮೇಸ್ತ್ರಿ ಕೆಳಗಿನ ಬೆಲ್ಟಿನ ಅಂಚಿನ ಮೇಲೆ ಮೆಲ್ಲಗೆ ಕೂತರು. ಭುಜಗಳು ಅಲುಗಿದವು. ಅವರು ಅಳುತ್ತಿದ್ದಾರೆ ಎಂದುಕೊಂಡು ಅವನು ಒಂದು ಹೆಜ್ಜೆ ಇಟ್ಟ. ಅಳುತ್ತಿರಲಿಲ್ಲ. ತಲೆ ಹಿಂದಕ್ಕೆ ಚೆಲ್ಲಿ, ಪಕ್ಕೆ ಹಿಡಿದುಕೊಂಡು, ತಗಡಿನ ಛಾವಣಿಗೆ ತಾಗಿ ತಿರುಗಿ ಬರುವ ಹಾಗೆ ನಗುತ್ತಿದ್ದರು.

ಉಳಿದವರ ನಗೆ ಒಬ್ಬೊಬ್ಬರದಾಗಿ ನಿಂತಿತು. ಮೇಸ್ತ್ರಿಯದು ನಿಲ್ಲಲಿಲ್ಲ.

"ಇನ್ನೊಂದ್ಸಲ," ಎಂದರು, ಉಸಿರಿಗೆ ತಡಕಾಡುತ್ತ. "ಆ ಬಂತು ಅನ್ನೋದು, ಇನ್ನೊಂದ್ಸಲ ಹೇಳಿ ಅಳಿಯಂದ್ರೆ."

ರೇಡಿಯೊ ಸಾಹೇಬರ ಕಡೆ ನೋಡಿದ. ಸಾಹೇಬರು ಬೇರೆಲ್ಲೋ ನೋಡುತ್ತಿದ್ದರು.

"ಮೂರನೇದು ಹೊಸದು ಬಂತು ಮೇಸ್ತ್ರಿ," ಎಂದ.

ಮೇಸ್ತ್ರಿ ಅಂಗೈಯಿಂದ ಬೆಲ್ಟನ್ನು ಪಟಪಟನೆ ಬಡಿದರು. ಸದ್ದು ಕೇಳಿ ಜಲ್ಲಿ ತುಂಬುವ ಕಡೆಯಿಂದ ನಾಲ್ಕಾರು ಜನ ಓಡಿಬಂದು, ಏನಾಯಿತು ಏನಾಯಿತು ಎಂದು ಕೇಳಿದರು. ಯಾರೂ ಹೇಳಲಿಲ್ಲ. ಹೇಳದಿದ್ದರೂ ಆ ಮುದುಕ ನಗುವುದನ್ನು ನೋಡಿ ಅವರಿಗೂ ನಗು ಬಂತು, ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ನಕ್ಕರು. ಎಷ್ಟು ನಕ್ಕರೂ ಎಲ್ಲರ ನಗೆಯನ್ನೂ ಮುಳುಗಿಸಿ ಮೇಸ್ತ್ರಿಯ ನಗೆಯೇ ಮೇಲೆ ಕೇಳಿಸುತ್ತಿತ್ತು.